ಆನೆ ಬೇಲಿ ಮತ್ತು ಅಕ್ಕನ ಮಗಳ ಉಪಗ್ರಹ

ನಮ್ಮ ಬಣಕಲ್ ಸುತ್ತಮುತ್ತ ಎಲ್ಲರ ಫೋನಿಗೂ ಆನೆ ಯಾವ ಎಸ್ಟೇಟಿನಲ್ಲಿದೆ ಎಂಬ ಮೆಸೇಜು ಬರುತ್ತದೆ. ಆ ವಾರ ನನ್ನ ಫೋನಿನಲ್ಲಿ ಒಂದು ಉಪಗ್ರಹ ಎಲ್ಲಿದೆ ಎಂಬುದೂ ಕಾಣುತ್ತಿತ್ತು. ಅಂಗಡಿಗೆ ಮೊಳೆ ಕೇಳಲು ಬಂದವರನ್ನೂ ಬಿಡದೆ, "ನೋಡಿ, ಈಗ ಸಮುದ್ರದ ಮೇಲಿದೆ" ಎಂದು ತೋರಿಸುತ್ತಿದ್ದೆ. ಹಾರ್ಡ್‌ವೇರ್ ಅಂಗಡಿಯ ಹೆಂಗಸಿಗೆ ಇದೇನು ಬಂತು ಎಂದು ಅವರಿಗೆ ಅನಿಸಿರಬೇಕು.

ಕಾರಣ ಇತ್ತು. ರೊಟ್ಟಿ ಡಬ್ಬಿಯಷ್ಟೇ ಇದ್ದ ಆ ಉಪಗ್ರಹಕ್ಕೆ ಸಣ್ಣಪುಟ್ಟ ಸಂದೇಶಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವ ಕೆಲಸ. ಅದನ್ನು ಮಾಡಿದ ಕಾಲೇಜು ಮಕ್ಕಳಲ್ಲಿ ನನ್ನ ಅಕ್ಕನ ಮಗಳೂ ಒಬ್ಬಳು. ಆಂಟೆನಾ ಪೂರ್ತಿ ಅವಳ ಜವಾಬ್ದಾರಿ. ಸ್ಟೀಲಿನ ಅಳತೆ ಟೇಪನ್ನು ಕತ್ತರಿಸಿ, ಮಡಚಿ, ನೈಲಾನ್ ದಾರದಲ್ಲಿ ಬಿಗಿದಿದ್ದಳು. ಮೇಲೆ ಹೋದ ಮೇಲೆ ದಾರ ಸುಟ್ಟು ಟೇಪು ತಾನಾಗಿ ಬಿಚ್ಚಿಕೊಳ್ಳಬೇಕು. ಆ ಟೇಪು ನನ್ನ ಅಂಗಡಿಯದು. ನನ್ನ ಅಂಗಡಿಯ ಮಾಲು ಭೂಮಿಯನ್ನು ಸುತ್ತುತ್ತಿದೆ ಎಂದು ನೆನೆದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ರಾಕೆಟ್ ಹಾರಿ ದಿನಗಳಾದರೂ ಉಪಗ್ರಹ ತುಟಿ ಪಿಟಕ್ಕೆನ್ನಲಿಲ್ಲ. ಆಂಟೆನಾ ಬಿಚ್ಚಿಕೊಂಡಿಲ್ಲ ಎಂದು ತಂಡದವರೆಲ್ಲ ಅವಳ ಕಡೆ ನೋಡತೊಡಗಿದರು. ಅವಳು ನಮ್ಮ ಮನೆಗೆ ಬಂದವಳು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುವಳು. ನನಗೆ ಸಿಟ್ಟು ಬಂತು. "ಇಲ್ಲಿ ಮುಖ ಊದಿಸ್ಕೊಂಡು ಕೂತ್ರೆ ಅದು ಮಾತಾಡುತ್ತಾ? ಏಳು, ನಾವೇ ಹುಡುಕೋಣ" ಎಂದೆ. ಪೇಟೆಯ ಗದ್ದಲದಲ್ಲಿ ಕೇಳಿಸದ ದನಿ ನಮ್ಮ ಗುಡ್ಡದ ಮೇಲೆ ಕೇಳಿಸೀತು ಎಂದು ಅವಳಿಗೂ ಆಸೆ ಹುಟ್ಟಿತು. ಪಿವಿಸಿ ಪೈಪಿಗೆ ಅಂಥದೇ ಟೇಪಿನ ತುಂಡುಗಳನ್ನು ಕಟ್ಟಿ ಕೈಯಲ್ಲಿ ಹಿಡಿಯುವ ಆಂಟೆನಾ ಮಾಡಿದಳು. ಲ್ಯಾಪ್‌ಟಾಪಿಗೆ ರಿಸೀವರ್ ಸಿಕ್ಕಿಸಿಕೊಂಡು ಮನೆ ಹಿಂದಿನ ಗುಡ್ಡ ಹತ್ತಿದೆವು.

ಮೊದಲ ಸಂಜೆಯೇ ಕೇಳಿತು. ಟಿಕ್, ಟಿಕ್, ಟಿಕ್. ಬ್ಯಾಟರಿ ಸೊರಗಿದಾಗ ಉಪಗ್ರಹ ಹೀಗೆ ಬಿಟ್ಟು ಬಿಟ್ಟು ಸಣ್ಣ ಸದ್ದನ್ನಷ್ಟೇ ಮಾಡುತ್ತದಂತೆ. ಇಬ್ಬರೂ ಕಾಫಿ ಗಿಡಗಳ ನಡುವೆ ಕುಣಿದೆವು. ಬದುಕಿದೆ ಎಂದು ಅವಳು ತಂಡಕ್ಕೆಲ್ಲ ಮೆಸೇಜು ಕಳಿಸಿಯೇಬಿಟ್ಟಳು.

ಫೋನಿನಲ್ಲಿ ಉಪಗ್ರಹವನ್ನು ತೋರಿಸುತ್ತಿದ್ದ ಚುಕ್ಕೆ ಗುಡ್ಡದಾಚೆ ಇಳಿದು ಹೋಯಿತು. ಸದ್ದು ಮಾತ್ರ ನಿಲ್ಲಲಿಲ್ಲ. ಆಂಟೆನಾವನ್ನು ಪಕ್ಕದ ತೋಟದ ಕಡೆ ತಿರುಗಿಸಿದರೆ ಇನ್ನೂ ಜೋರು. ಅದು ಅಲ್ಲಿನ ಆನೆ ಬೇಲಿ. ತಂತಿಯಲ್ಲಿ ಬಿಟ್ಟು ಬಿಟ್ಟು ಹರಿಯುವ ಕರೆಂಟು, ಮಳೆಗೆ ಎದ್ದ ಕಳೆ ತಾಗಿದಲ್ಲೆಲ್ಲ ಕಿಡಿ ಹಾರಿಸುತ್ತಿತ್ತು. ನಾವು ಕುಣಿದದ್ದು ಆ ಕಿಡಿಯ ಸದ್ದಿಗೆ. ತಪ್ಪಾಯಿತು ಎಂದು ಅವಳು ಇನ್ನೊಂದು ಮೆಸೇಜು ಬರೆದಳು.

ಬೆಳಿಗ್ಗೆ ಉಪಗ್ರಹ ಮತ್ತೆ ನಮ್ಮ ಮೇಲೆ ಹಾದು ಹೋಗುವುದಿತ್ತು. ಅದಕ್ಕೆ ಮೊದಲೇ ಅವಳನ್ನು ಕರೆದುಕೊಂಡು ಪಕ್ಕದ ತೋಟದ ಯಜಮಾನರ ಅಂಗಳಕ್ಕೆ ಹೋದೆ. ಹತ್ತು ನಿಮಿಷ ಬೇಲಿ ಬಂದ್ ಮಾಡಿ ಎಂದು ಕೇಳಿದೆ.

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಆನೆ ಕೆಳಗಿನ ಹಳ್ಳದಲ್ಲಿದೆ ಅಂತ ಈಗಷ್ಟೇ ಮೆಸೇಜು ಬಂತು. ನಿಮ್ಮ ಡಬ್ಬಿ ಸಲುವಾಗಿ ನನ್ನ ಬಾಳೆ ಎಲ್ಲ ಅದಕ್ಕೆ ಬಡಿಸ್ಲಾ?"

"ಡಬ್ಬಿ ಅನ್ಬೇಡಿ. ಎಲ್ರೂ ಈ ಹುಡುಗಿ ಕೆಲ್ಸನೇ ಸರಿ ಇಲ್ಲ ಅಂತಿದಾರೆ. ಹೌದೋ ಅಲ್ವೋ ಅಂತ ಒಂದ್ಸಲ ಗೊತ್ತಾಗ್ಲಿ."

ಅವರು ನನ್ನ ಹಿಂದೆ ನಿಂತಿದ್ದವಳ ಮುಖ ನೋಡಿದರು. ಒಳಗೆ ಹೋಗಿ ಪಟಾಕಿ ತಂದರು. "ಬೇಲಿ ಹತ್ರ ನಾನೇ ನಿಲ್ತೀನಿ. ಆನೆ ಬಂದ್ರೆ ಹಚ್ಚೋದೇ. ಆಮೇಲೆ ಏನೂ ಕೇಳಿಸ್ಲಿಲ್ಲ ಅಂತ ನನ್ನ ಬೈಬಾರ್ದು."

ಬೇಲಿ ಬಂದ್ ಆಯಿತು. ನಾವಿಬ್ಬರೂ ಮತ್ತೆ ಗುಡ್ಡ ಹತ್ತಿದೆವು. ರಿಸೀವರಿನಲ್ಲಿ ಬರೀ ಸುಯ್ಯೆನ್ನುವ ಸದ್ದು. ನಾನು ಫೋನ್ ನೋಡಿ ದಿಕ್ಕು ಹೇಳುತ್ತಿದ್ದೆ, ಅವಳು ಆ ಕಡೆಗೆ ಆಂಟೆನಾ ತಿರುಗಿಸುತ್ತಿದ್ದಳು. ಚುಕ್ಕೆ ಬಹಳ ಮೇಲೆ ಬಂದರೂ ಏನೂ ಕೇಳಿಸಲಿಲ್ಲ; ನನಗೆ ಆಸೆ ಬಿಟ್ಟುಹೋಗುತ್ತಿತ್ತು. ಅಷ್ಟರಲ್ಲಿ ಸಿಳ್ಳೆಯಂಥ ಒಂದು ಸಣ್ಣ ದನಿ. ಪಿಪ್. ಮತ್ತೆ ಪಿಪ್. ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿಹೋದ ಬಸ್ಸಿನ ಹಾಗೆ ಆ ದನಿ ಹೋಗುತ್ತಾ ಹೋಗುತ್ತಾ ಇಳಿಯತೊಡಗಿತು.

"ಕಳಿಸೇ ಮೆಸೇಜು" ಎಂದೆ.

ಅವಳು ಈಗಲೇ ಬೇಡ ಎಂದು ತಲೆ ಅಲ್ಲಾಡಿಸಿದಳು. ಆಂಟೆನಾವನ್ನು ಇಳಿಸುತ್ತಾ ಇಳಿಸುತ್ತಾ ಎದುರಿನ ಗುಡ್ಡದ ಅಂಚಿಗೆ ತಂದಳು. ದನಿ ತೆಳ್ಳಗಾಯಿತು, ತುಂಡು ತುಂಡಾಯಿತು, ನಿಂತುಹೋಯಿತು. ಫೋನಿನ ಚುಕ್ಕೆಯೂ ಸರಿಯಾಗಿ ಅದೇ ಹೊತ್ತಿಗೆ ಗುಡ್ಡದಾಚೆ ಇಳಿಯಿತು.

ಸದ್ದು ಕೇಳಿಸಿಕೊಂಡಿದ್ದ ಯಜಮಾನರು ಪಟಾಕಿ ಹಿಡಿದುಕೊಂಡೇ ಏದುಸಿರು ಬಿಡುತ್ತಾ ಮೇಲೆ ಬಂದರು. "ಯಾಕೆ ನಿಂತೋಯ್ತು ಮಾರಾಯ್ತಿ? ನಾನಿನ್ನೂ ಬೇಲಿ ಹಾಕಿಲ್ಲ."

"ನಿಲ್ಬೇಕಿತ್ತು ಅಂಕಲ್" ಎಂದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಂಟೆನಾವನ್ನು ನನ್ನ ಕೈಗೆ ಕೊಟ್ಟು, ಫೋನ್ ತೆಗೆದು ಬರೆಯತೊಡಗಿದಳು.