ದೊಡ್ಡಮ್ಮನ ರವಕೆ

ಅಕ್ಕನನ್ನು ಮೊದಲ ಸಲ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ್ದರು, "ಕುಟುಂಬದಲ್ಲಿ ಯಾರಿಗಾದರೂ ಎದೆಯ ಕ್ಯಾನ್ಸರ್ ಇತ್ತಾ?" ಇಲ್ಲ ಎಂದು ಉತ್ತರಿಸಿದ್ದು ನಾನು, ಅಕ್ಕ ಅಲ್ಲ. ಆ ದಿನದ ಡೈರಿ ತೆಗೆದು ನೋಡಿದೆ. ತಲಪಾಡಿಯಲ್ಲಿ ಬಸ್ಸು ಅರ್ಧ ಗಂಟೆ ನಿಂತದ್ದು, ಅಕ್ಕ ಕ್ಯಾಂಟೀನಿನ ಚಹಾ ಕುಡಿಯದೆ ಬಿಟ್ಟದ್ದು, ಎಲ್ಲ ಉಂಟು. ಆ ಪ್ರಶ್ನೆಯೂ ನನ್ನ ಉತ್ತರವೂ ಇಲ್ಲ.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ನನಗೆ ಏಳೋ ಎಂಟೋ ವರ್ಷವಾಗಿದ್ದಾಗ ತೀರಿಕೊಂಡರು. ಕಾಮಾಲೆ ಎಂದು ಮನೆಯಲ್ಲಿ ಹೇಳಿದ್ದರು. ಆದರೆ ಒಂದು ಚಿತ್ರ ನನ್ನ ತಲೆಯಲ್ಲಿ ಉಳಿದಿತ್ತು: ಬಾವಿಯ ಹತ್ತಿರ ಹಗ್ಗದಲ್ಲಿ ಒಣಗುತ್ತಿದ್ದ ಅವರ ರವಕೆ, ಅದರ ಒಂದು ಬದಿಗೆ ಒಳಗಿನಿಂದ ಹೊಲಿದ ಬಟ್ಟೆಯ ಸಣ್ಣ ದಿಂಬು. ಡಾಕ್ಟರು ಕೇಳಿದಾಗ ಅದು ನೆನಪಾಗಿತ್ತೇ? ಆಗಿರಬೇಕು ಎಂದು ಕೆಲವು ದಿನ ಅನಿಸುತ್ತದೆ. ಹಾಗೆ ಅನಿಸುವುದು ಬರೀ ಪಶ್ಚಾತ್ತಾಪದಿಂದಲೂ ಇರಬಹುದು.

ಎರಡು ವರ್ಷ ಕಳೆದು ಅಕ್ಕನ ಅಂಡಾಶಯದಲ್ಲೂ ರೋಗ ಕಾಣಿಸಿತು. ಆಗ ಮಾಡಿಸಿದ ಪರೀಕ್ಷೆಯಲ್ಲಿ, ಹುಟ್ಟಿನಿಂದಲೇ ಅವಳ ಒಂದು ಜೀನ್ ಕೆಟ್ಟಿದೆ ಎಂದು ತಿಳಿಯಿತು. ರವಕೆಯ ವಿಷಯ ಅಮ್ಮನಲ್ಲಿ ಕೇಳಿದ್ದು ಅವತ್ತೇ. ಅಮ್ಮ ಅಲಸಂಡೆ ಮುರಿಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಹೌದು, ಒಂದು ಬದಿ ತೆಗೆದಿದ್ದರು. ನಿಮ್ಮಿಬ್ಬರ ಮದುವೆ ಆಗ್ಬೇಕಿತ್ತಲ್ಲ. ಹುಡುಗನ ಕಡೆಯವರಿಗೆ ಗೊತ್ತಾದ್ರೆ ಯಾರು ಬರ್ತಿದ್ರು?"

ಈ ಜೀನ್‌ಗಳ ಪಾಠವನ್ನು ನಾನು ವರ್ಷವೂ ಪ್ಲಸ್ ಟು ಮಕ್ಕಳಿಗೆ ಮಾಡುತ್ತೇನೆ. ಜೀವಕೋಶ ಎರಡಾಗುವ ಮೊದಲು ಅದನ್ನು ತಡೆದು ನಿಲ್ಲಿಸುವ ಜೀನ್‌ಗಳಿವೆ. ಡಿಎನ್ಎ ತುಂಡಾಗಿದ್ದರೆ ಕೆಲವು ಅದನ್ನು ಸರಿಪಡಿಸುತ್ತವೆ. ಸರಿಯಾಗದಿದ್ದರೆ ಕೆಲವು ಆ ಕೋಶವನ್ನೇ ಸಾಯಿಸುತ್ತವೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ಕೆಟ್ಟರೆ ತಡೆಯಲು ಯಾರೂ ಇಲ್ಲ. ಅಕ್ಕ ನಲವತ್ತಮೂರು ವರ್ಷ ಒಂದೇ ಪ್ರತಿಯ ಮೇಲೆ ಬದುಕಿದ್ದಳು. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಪರೀಕ್ಷೆ ಆಗಲೇ ಆಗುತ್ತಿತ್ತು, ಅಂಡಾಶಯ ತೆಗೆಸಬಹುದಿತ್ತು. ಉಳಿಯುತ್ತಿದ್ದಳೇ? ಗೊತ್ತಿಲ್ಲ.

ಅಕ್ಕ ಹೋದ ಮೇಲೆ ಅವಳ ಮಗಳು ಪರೀಕ್ಷೆ ಮಾಡಿಸಬೇಕಾಯಿತು. ಕೆಟ್ಟ ಪ್ರತಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನನಗೂ ಅಷ್ಟೇ.

"ನೀವು ಕೊಟ್ರೆ ಮಾತ್ರ ನಾನು ರಕ್ತ ಕೊಡೋದು ಚಿಕ್ಕಮ್ಮ," ಎಂದಳು. ಇಬ್ಬರೂ ಕೊಟ್ಟೆವು.

ಮೊನ್ನೆ ಫಲಿತಾಂಶ ಬಂತು. ನನ್ನ ಎರಡೂ ಪ್ರತಿ ಸರಿ ಇವೆ. ಅವಳದು ಒಂದು ಕೆಟ್ಟಿದೆ. ಅವಳಿಗೆ ಇಪ್ಪತ್ತೆರಡು ವರ್ಷ. ಇನ್ನು ವರ್ಷ ವರ್ಷ ತಪಾಸಣೆ, ಮುಂದೆ ಆಪರೇಷನ್ನಿನ ಯೋಚನೆ.

"ಲಾಟರಿ ನಿಮಗೆ ಹೊಡೀತು," ಎಂದಳು ಬಸ್ಸಿನಲ್ಲಿ. "ಟಿಕೆಟ್ ನೀವೇ ತೆಗೀರಿ."

ನನಗೆ ನಗಲು ಆಗಲಿಲ್ಲ. ಉಪ್ಪಳ ಹತ್ತಿರ ಬರುವಾಗ ಮತ್ತೆ ಕೇಳಿದಳು, "ಆ ರವಕೆ ನೀವು ನಿಜವಾಗಿ ನೋಡಿದ್ದಾ? ಅಜ್ಜಿ ಹೇಳಿದ ಮೇಲೆ ಹಾಗೆ ಕಂಡದ್ದಲ್ಲವಾ?"

"ನೋಡಿದ್ದೇನೆ."

"ಎಂತ ಬಣ್ಣ?"

"ಹಸಿರು."

"ದಿಂಬು ಯಾವ ಬದಿಗಿತ್ತು?"

ಚೀಲವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಕೂತಿದ್ದಳು. ನೆನಪಿಲ್ಲ ಎಂದೆ.

"ಹಾಗಾದ್ರೆ ಡೈರಿಯಲ್ಲಿ ನೆನಪಿಲ್ಲ ಅಂತಲೇ ಬರೆದಿಡಿ. ಇಲ್ಲ ಅಂತ ಮಾತ್ರ ಬರೀಬೇಡಿ."

ಬರೆದಿದ್ದೇನೆ. ಈಗ ಆ ರವಕೆ ನೀಲಿಯಾಗಿ ಕಾಣುತ್ತಿದೆ. ಅದನ್ನೂ ಬರೆದಿದ್ದೇನೆ.