ಲಾಬಿಯಿಂದ ಲಾಂಡ್ರಿಗೆ ಬಂದ ಗಿಣಿ

ಹೋಟೆಲಿನಲ್ಲಿ ಎಲ್ಲರೂ ಅವಳನ್ನು ಚಾದರದಕ್ಕ ಎಂದೇ ಕರೆಯುತ್ತಿದ್ದರು. ಕೋಣೆಗಳ ಹಾಸು ಹೊದಿಕೆಗಳನ್ನು ನೆಲಮಾಳಿಗೆಯ ಲಾಂಡ್ರಿಯಲ್ಲಿ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು. "ಇವಳು ಗುಟ್ಟು ಹೇಳಿದ್ರೆ ಪಕ್ಕದ ಮನೆಯವ್ರು ಹೂಂಗುಟ್ತಾರೆ" ಎಂದು ಬಸ್ ಓಡಿಸುವ ಗಂಡ ನಗುತ್ತಿದ್ದ.

ಗಿಣಿ ಅವಳ ಪಾಲಿಗೆ ಬಂದದ್ದು ಕಸದ ದೆಸೆಯಿಂದ. ಬೂದು ಮೈ, ಕೆಂಪು ಬಾಲದ ಪರದೇಶಿ ಗಿಣಿ ಅದು. ಲಾಬಿಯ ನಟ್ಟನಡುವೆ, ನಾಲ್ಕೂ ಕಡೆಯಿಂದ ಜನ ಇಣುಕುವಂತೆ ಹಿತ್ತಾಳೆಯ ಪಂಜರದಲ್ಲಿ ಇಟ್ಟಿದ್ದರು. "ಬನ್ನಿ, ಬನ್ನಿ" ಎನ್ನುತ್ತಿತ್ತು. ಲಿಫ್ಟ್ ಬಂದಾಗಿನ ಟಿಂಗ್ ಸದ್ದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಅತಿಥಿಗಳು ಪೆಟ್ಟಿಗೆ ಎತ್ತಿಕೊಂಡು ಓಡಿಹೋಗಿ ಮುಚ್ಚಿದ ಬಾಗಿಲ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದರು. ಒಂದು ಬೇಸಿಗೆಯಲ್ಲಿ ಅದು ತನ್ನ ಗರಿಗಳನ್ನು ತಾನೇ ಕೀಳತೊಡಗಿತು. ಎದೆ ಬೋಳಾಗಿ, ಕೆಂಪಗೆ ತರಿತರಿಯಾದ ಚರ್ಮ ಕಾಣಿಸಿತು. ನೆಲದ ಗರಿ ಗುಡಿಸಲು ಕೆಳಗಿನಿಂದ ಅವಳನ್ನು ಕರೆಸಿದರು.

ಮ್ಯಾನೇಜರು ಪಶುವೈದ್ಯೆಯನ್ನೂ ಕರೆಸಿದ್ದರು. ಆಕೆ ಗಿಣಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚರ್ಮದ ಕಾಯಿಲೆ ಅಲ್ಲ ಇದು. ಕಾಡಲ್ಲಿದ್ರೆ ದಿನವೆಲ್ಲ ಹುಡುಕಿ, ಒಡೆದು, ಸಿಗಿದು ತಿನ್ನೋ ಹಕ್ಕಿ. ಇಲ್ಲಿ ಬಟ್ಟಲು ಖಾಲಿ ಮಾಡಿದ್ರೆ ಮುಗೀತು, ಆಮೇಲೆ ಮಾಡೋಕೆ ಕೆಲಸವೇ ಇಲ್ಲ. ಹರಿಯೋಕೆ, ಕಡಿಯೋಕೆ ಏನಾದ್ರೂ ಕೊಡಿ. ಒಂದು ಕಡೆಗಾದ್ರೂ ಗೋಡೆ ಇರ್ಲಿ. ರಾತ್ರಿ ದೀಪ ಆರಿಸಿ."

"ಮಾತ್ರೆ ಏನೂ ಇಲ್ವಾ?" ಎಂದರು ಮ್ಯಾನೇಜರು.

"ಇಲ್ಲ."

"ಅಕ್ಕಾ, ಹೇಗೂ ಗುಡಿಸೋಕೆ ಬರ್ತೀರಲ್ಲ, ಇದನ್ನೂ ನೀವೇ ನೋಡ್ಕೊಂಡ್ಬಿಡಿ" ಎಂದು ಅವರು ಕೈತೊಳೆದುಕೊಂಡರು.

ಅವಳು ರಟ್ಟಿನ ಡಬ್ಬಿಯೊಳಗೆ ಕಾಗದದಲ್ಲಿ ಸುತ್ತಿದ ಬಾದಾಮಿ ಇಟ್ಟು ಪಂಜರಕ್ಕೆ ಹಾಕಿದಳು. ಗಿಣಿ ಕಿಟಾರನೆ ಕಿರುಚಿ ಮೂಲೆ ಹಿಡಿಯಿತು. ಡಬ್ಬಿ ತೆಗೆಯುವವರೆಗೆ ಕಾಳನ್ನೂ ಮುಟ್ಟಲಿಲ್ಲ. ಹಗ್ಗ ಕಟ್ಟಿದಳು, ಮರದ ತುಂಡು ತೂಗುಹಾಕಿದಳು. ಎಲ್ಲದಕ್ಕೂ ಅದೇ ರಂಪ. ಇಷ್ಟೆಲ್ಲ ಮಾಡಿದರೂ ಅದು ತಿರುಗಿ ಕೂತು ಎದೆಯಂಚಿನಲ್ಲಿ ಉಳಿದಿದ್ದೊಂದು ಗರಿ ಕೀಳುತ್ತಿತ್ತು.

"ಅದರ ಒಳ್ಳೇದಕ್ಕೇ ಮಾಡ್ತಿದೀನಿ, ಅದಕ್ಕೇ ಬೇಡ ಅಂದ್ರೆ?" ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದಳು.

ಗಂಡ ತಲೆ ಸವರಿಕೊಂಡ. "ನಂದೂ ಉದುರಿ ವರ್ಷಗಳಾಯ್ತು. ಒಬ್ಬ ಡಾಕ್ಟ್ರನ್ನಾದ್ರೂ ಕರೆಸಿದ್ಯಾ?"

ಅವಳಿಗೆ ನಗು ಬರಲಿಲ್ಲ. ವೈದ್ಯೆಗೆ ಫೋನ್ ಮಾಡಿದಳು. "ಹೊಸದನ್ನ ಕಂಡ್ರೆ ಹೆದರ್ತವೆ ಅಮ್ಮ. ಮೊದಲು ಹೊರಗಿಡಿ. ಅದರ ಮುಂದೆ ನೀವೇ ಹರಿದು ತೋರಿಸಿ." ಸರಿ, ಊಟದ ಬಿಡುವಿನಲ್ಲಿ ಲಾಬಿಗೆ ಹೋಗಿ, ಸೂಟುಬೂಟಿನವರ ನಡುವೆ ನಿಂತು, ಗಿಣಿಯ ಮುಂದೆ ಡಬ್ಬಿ ಹರಿಯತೊಡಗಿದಳು. ಜನ ಅವಳನ್ನು ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದರು. ನಾಚಿಕೆಗೆ ಮೈ ಹಿಡಿಯಾಗುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಗಿಣಿ ಕತ್ತು ಚಾಚಿ ಅವಳ ಕೈಯಿಂದ ಅರ್ಧ ಹರಿದ ಡಬ್ಬಿ ಎಳೆದುಕೊಂಡಿತು. ಕಾಲಲ್ಲಿ ಹಿಡಿದು ಪರಪರನೆ ಸಿಗಿಯಿತು. ಒಳಗಿನ ಬಾದಾಮಿ ಸಿಕ್ಕಿದಾಗ ಕಣ್ಣಿನ ಪಾಪೆ ಚಿಕ್ಕದಾಗಿ ದೊಡ್ಡದಾಯಿತು.

ಆ ಸಂಜೆಯೇ ಮ್ಯಾನೇಜರು ಕೆಳಗಿಳಿದು ಬಂದರು. "ಅದೇನು ಲಾಬಿನೋ ರದ್ದಿ ಅಂಗಡಿನೋ?"

"ನಾನೇ ಗುಡಿಸ್ತೀನಿ ಸಾರ್."

"ಗುಡಿಸೋವರೆಗೆ ಅತಿಥಿಗಳು ಕಣ್ಣು ಮುಚ್ಕೊಂಡಿರ್ತಾರಾ?"

ಡಬ್ಬಿ ಹೋಯಿತು, ಅದರ ಜಾಗಕ್ಕೆ ಕಸವಾಗದ ಆಟಿಕೆಯೆಂದು ಒಂದು ಕನ್ನಡಿ ಬಂತು. ದೀಪ ಆರಿಸುವ ಮಾತೇ ಇರಲಿಲ್ಲ; ಲಾಬಿ ಯಾವತ್ತಾದರೂ ಕತ್ತಲಾಗುವುದುಂಟೇ? ಸ್ವಲ್ಪ ದಿನಕ್ಕೆ ಗಿಣಿ ಎದೆಯ ಚರ್ಮವನ್ನೇ ಕಚ್ಚಿ ರಕ್ತ ಬರಿಸಿಕೊಂಡಿತು. ಯಾರೋ ಅತಿಥಿ ಫೋಟೋ ತೆಗೆದು ಮಾಲೀಕರಿಗೇ ಕಳಿಸಿದರು. ಅವಳು ಬಾಯಿ ನೋಯುವಷ್ಟು ಹೇಳಿದಾಗ ಆಗದ ಕೆಲಸ ಒಂದು ಫೋಟೋದಿಂದ ಆಯಿತು. "ಮೊದಲು ಅದನ್ನ ಕಣ್ಣಿಗೆ ಕಾಣದ ಹಾಗೆ ಮಾಡಿ" ಎಂಬ ಹುಕುಂ ಬಂತು.

ಹಬೆಯೂ ಸೋಪಿನ ಘಾಟೂ ತಾಗದಂತೆ, ಲಾಂಡ್ರಿಯಾಚೆಯ ಮಡಿಸುವ ಕೋಣೆಯ ಗೋಡೆಗೆ ಒತ್ತಿ ಗಿಣಿಗೆ ಜಾಗ ಮಾಡಿದಳು. ಗಂಡ ಬಲೆಯ ದೊಡ್ಡ ಗೂಡು ಕಟ್ಟಿಕೊಟ್ಟ. ಬಸ್ ದಾರಿಯಲ್ಲಿ ಕಡಿದು ಹಾಕಿದ್ದ ಕೊಂಬೆಗಳನ್ನು ವೈದ್ಯೆಗೆ ತೋರಿಸಿ ತಂದು ಸಿಕ್ಕಿಸಿದ. ಇಲ್ಲಿ ಕಸಕ್ಕೆ ಬೈಯುವವರಿಲ್ಲ. ಗಿಣಿ ತೊಗಟೆ ಸುಲಿಯಿತು, ಡಬ್ಬಿ ಸೀಳಿತು, ಇಸ್ತ್ರಿಯಾದ ಅಂಗಿಯೊಂದರ ಗುಂಡಿ ಕಿತ್ತಿತು. ಅವಳದೇ ಗಂಟಲಲ್ಲಿ "ಬಾಗಿಲು ಹಾಕ್ರೋ!" ಎಂದು ಗದರಿ ಲಾಂಡ್ರಿಯವರನ್ನೆಲ್ಲ ಓಡಾಡಿಸಿತು. ರೆಕ್ಕೆಯಲ್ಲಿ ಹೊಸ ಗರಿ ಚಿಗುರಿತು. ಎದೆಯಲ್ಲಿ ಮಾತ್ರ ಬರಲಿಲ್ಲ. "ಅಲ್ಲಿ ಗರಿಯ ಬೇರೇ ಸತ್ತಿದೆ. ಇನ್ನು ಬರಲ್ಲಮ್ಮ" ಎಂದಳು ವೈದ್ಯೆ. ಬರುತ್ತದೆಂದೇ ನಂಬಿದ್ದ ಅವಳಿಗೆ ಅಂದು ಕೆಲಸದಲ್ಲಿ ಕೈ ಓಡಲಿಲ್ಲ.

ತಿಂಗಳು ಕಳೆದಿರಬೇಕು. ಮಡಿಸಿದ ಕರವಸ್ತ್ರಗಳನ್ನು ಕೊಡಲು ಮೇಲೆ ಹೋದವಳು ಲಾಬಿಯಲ್ಲಿ ಗಕ್ಕನೆ ನಿಂತಳು. ಹಿತ್ತಾಳೆಯ ಪಂಜರದಲ್ಲಿ ಇನ್ನೊಂದು ಗಿಣಿ. ಎಳೆಯದು, ಮೈತುಂಬ ಗರಿ. ಮುಂದೊಂದು ಬಟ್ಟಲು, ಪಕ್ಕದಲ್ಲಿ ಕನ್ನಡಿ.

"ಸಾರ್, ಇನ್ನೊಂದು ಯಾಕೆ ತಂದ್ರಿ?"

"ಗಿಣಿ ಎಲ್ಲಿ, ಗಿಣಿ ಎಲ್ಲಿ ಅಂತ ಎಲ್ಲರೂ ಕೇಳ್ತಾರಲ್ಲಕ್ಕ."

"ಇದೂ ಕಿತ್ಕೊಂಡ್ರೆ?"

"ಹಾಗಾದ್ರೆ ಕೆಳಗೆ ನೀವಿದ್ದೀರಲ್ಲ!" ಮ್ಯಾನೇಜರು ಹೊಗಳುವವರಂತೆ ನಕ್ಕರು.

ಅವಳು ಅಲ್ಲಿಂದ ಕದಲಲಿಲ್ಲ. ಅವಳ ಗಂಟಲಿಗೆ ಲಾಬಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತಾದಾಗ, ಪಂಜರವನ್ನು ಗೋಡೆಯ ಕಡೆ ಸರಿಸಲು ಮ್ಯಾನೇಜರು ಒಪ್ಪಿದರು. ರಟ್ಟು, ಕೊಂಬೆ, ಕತ್ತಲೆ ಮಾತ್ರ ಖಂಡಿತ ಆಗದು ಎಂದರು.

"ಒಂದು ಗೋಡೆನಾದ್ರೂ ಸಿಕ್ತಲ್ಲ" ಎಂದ ಗಂಡ, ಸಮಾಧಾನಕ್ಕೆ.

"ಅದಕ್ಕೆ ಸಂತೋಷಪಡ್ಬೇಕಾ ನಾನು? ಒಂದನ್ನ ಕೆಳಗೆ ಸರಿ ಮಾಡ್ತಿದ್ರೆ ಮೇಲೆ ಇನ್ನೊಂದನ್ನ ಕೆಡಿಸ್ತಾರೆ!"

ಈಗಲೂ ಮೇಲೆ ಹೋದಾಗಲೆಲ್ಲ ಅವಳು ಮೊದಲು ನೋಡುವುದು ಆ ಎಳೆ ಗಿಣಿಯ ಎದೆಯನ್ನು. ಇನ್ನೂ ಗರಿ ತುಂಬಿಕೊಂಡೇ ಇದೆ. ಆದರೆ ಮೊನ್ನೆಯಿಂದ ಅದು ಒಂದೇ ಕಡೆ ಕೂತು, ತಲೆಯನ್ನು ಅತ್ತಿತ್ತ ತೂಗುತ್ತಿದೆ. ಮಕ್ಕಳು ಅದನ್ನು ಕುಣಿತವೆಂದುಕೊಂಡು ಚಪ್ಪಾಳೆ ತಟ್ಟುತ್ತಿವೆ.