ಕಾಕಾ ಹಿಡಿದ ಸೂರ್ಯಾಸ್ತ

ಸ್ಟುಡಿಯೋ ಕಾಕಾರ ಟ್ರೈಪಾಡನ್ನು ಮೊನ್ನೆ ಕಾಕಿ ನನಗೆ ಕೊಟ್ಟರು. ಸಮುದ್ರದ ಉಪ್ಪಿಗೆ ತುಕ್ಕು ಹಿಡಿದು ಅದರ ಕಾಲುಗಳು ಬಿಗಿದು ಕೂತಿದ್ದವು.

ಮಹಾರಾಷ್ಟ್ರ ಗಡಿಯ ಉಮರ್ಗಾದಲ್ಲಿ ಕಾಕಾರದು ಮದುವೆ ಫೋಟೋ ತೆಗೆಯುವ ಸ್ಟುಡಿಯೋ. ನಾನು ಮತ್ತು ಲೋಹಾರಾ ಊರಿನ ಇನ್ನೊಬ್ಬ ಹುಡುಗ, ಇಬ್ಬರೂ ಅವರ ಕೈಯಲ್ಲೇ ಕಲಿತವರು. ದೀಪಾವಳಿ ಕಳೆದು ಆಕಾಶ ತಿಳಿಯಾದರೆ ಸಾಕು, ನಮ್ಮನ್ನು ಕೊಂಕಣದ ದಂಡೆಗೆ ಎಳೆದುಕೊಂಡು ಹೋಗುತ್ತಿದ್ದರು. ಕ್ಯಾಮೆರಾ ನಿಲ್ಲಿಸಿ ಕ್ಷಣಕ್ಷಣಕ್ಕೂ ಒಂದೊಂದು ಚಿತ್ರ ತೆಗೆಯುವುದು. ಎಲ್ಲ ಜೋಡಿಸಿ ವೀಡಿಯೋ ಮಾಡಿದರೆ ಇಡೀ ಸಂಜೆ ಅರ್ಧ ನಿಮಿಷದಲ್ಲಿ ಮುಳುಗುತ್ತಿತ್ತು. ಮದುವೆಯ ಚಿತ್ರ ಊರವರದು, ಇದು ಮಾತ್ರ ತನ್ನದು ಎನ್ನುತ್ತಿದ್ದರು.

ಕಾಕಾರದು ಕುರಿ ಕಾಯ್ದ ಮನೆತನ, ಬೀರಪ್ಪ ದೇವರ ಒಕ್ಕಲು. ಒಮ್ಮೆ ಸೂರ್ಯ ನೀರು ಮುಟ್ಟಿದ್ದೇ ತಡ, ಮೈಮರೆತು ಭಂಡಾರದ ಅರಿಶಿನಪುಡಿ ತೂರಿಬಿಟ್ಟರು. ಅದು ಲೆನ್ಸಿನ ಮುಂದೆಯೇ ಹಾರಿತು.

"ಆ ಚಿತ್ರ ಕಿತ್ತು ಹಾಕೂಣ್ರೀ ಕಾಕಾ" ಎಂದೆ.

"ಬೀರಪ್ಪನ ಭಂಡಾರ ಕಸಾ ಏನಲೇ? ಇರ್ಲಿ ಬಿಡು" ಎಂದು ಗದರಿದರು.

ಮುಂದೆ ಲೋಹಾರಾದವ ಮದುವೆಗಳಿಗೆ ದೊಡ್ಡ ಎಲ್‌ಇಡಿ ಪರದೆ ಹಾಕುವ ಧಂದೆ ಶುರುಮಾಡಿದ. ಉದಗೀರದ ಒಂದು ಮದುವೆಯಲ್ಲಿ ನೋಡುತ್ತೇವೆ, ವಧೂವರರ ಹಿಂದೆ ಅದೇ ಸೂರ್ಯಾಸ್ತ, ಮೂಲೆಯಲ್ಲಿ ಅವನ ಹೆಸರು! ಕಾಕಾ ಎದ್ದು ನಿಂತರು.

"ಇದು ನಂದದ. ಈಗ ಭಂಡಾರ ಹಾರ್ತದ, ಬೇಕಾರ ನೋಡ್ರಿ."

ಹಾರಿತು. ಎಲ್ಲರೂ ನೋಡಿದರು. ಆ ಲಫಂಗನಿಗೆ ನಾಚಿಕೆ ಎಲ್ಲಿಯದು? "ಸೂರ್ಯಾ ಏನ್ ನಿಮ್ಮ ಸ್ಟುಡಿಯೋದಾಗ ಹುಟ್ಯಾನೇನ್ರಿ ಕಾಕಾ?" ಎಂದ. ಮಂಟಪವೇ ನಕ್ಕಿತು. ಹುಡುಗಿಯ ತಂದೆ ಬಂದು, "ಆತ್ರಿ, ನಿಮ್ದೇ ಅದ. ಜಾವೂ ದ್ಯಾ, ಬಿಟ್ಟುಬಿಡ್ರಿ, ಊಟಕ್ಕ ನಡೀರಿ" ಎಂದರು.

ಕಾಕಾ ಉಣ್ಣದೇ ಬಂದರು. ಆಮೇಲೆ ಯಾವ ದೀಪಾವಳಿಗೂ ದಂಡೆಗೆ ಹೊರಡಲಿಲ್ಲ... ಕರೆದರೆ, "ಯಾಕ, ಅಂವಗ ಇನ್ನೊಂದು ಬೇಕಂತೇನು?" ಎನ್ನುತ್ತಿದ್ದರು. ಮನೆಯಲ್ಲಿ ಕಾಕಿಯ ಮುಂದೆ ಮಾತ್ರ ಆ ಮದುವೆಯ ಸುದ್ದಿ ಎತ್ತಲೇ ಇಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಬರುವಷ್ಟರಲ್ಲಿ ಎಲ್ಲರ ಫೋನಿಗೂ ಲೋಹಾರಾದವನ ಶ್ರದ್ಧಾಂಜಲಿ ಬಂದಿತ್ತು. ಮುಳುಗುವ ಅದೇ ಸೂರ್ಯ, ಮೇಲೆ ಕಾಕಾರ ನಗುಮುಖ, ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು. ಕಾಕಾರೂ ಹೋದರು, ಅವರದು ಎನ್ನುವುದೂ ಹೋಯಿತು.

ಮಾತಾಡಿಸಲು ಬಂದವರಿಗೆಲ್ಲ ಕಾಕಿ ಅದನ್ನೇ ತೋರಿಸುತ್ತಾರೆ. ಮೊನ್ನೆ ನನಗೂ ತೋರಿಸಿ ಕಣ್ಣೊರೆಸಿಕೊಂಡರು.

"ಎಷ್ಟ್ ಛಂದ ಮಾಡ್ಯಾನ ನೋಡಪಾ. ಶಿಷ್ಯಾ ಅಂದ್ರ ಹಿಂಗಿರಬೇಕು."

ಅಂಗಾಲಿನ ಸಿಟ್ಟು ನೆತ್ತಿಗೇರಿತು. "ಹೌದ್ರೀ ಕಾಕಿ" ಎಂದೆ.